ಒಲೆಯನ್ನೂ ಕಟ್ಟಿಕೊಂಡ ಬುತ್ತಿ

ನಂಜನಗೂಡಿನ ದೊಡ್ಡ ಜಾತ್ರೆಗೆ ಕಾಲ್ನಡಿಗೆಯಲ್ಲಿ ಹೊರಟ ಯಾತ್ರಿಕನು ಹಿಂದಿನ ಕಾಲದಲ್ಲಿ ಅಕ್ಕಿಬೇಳೆಗಳನ್ನಷ್ಟೇ ಗಂಟುಕಟ್ಟಿಕೊಂಡು ನಿಶ್ಚಿಂತನಾಗಿ ನಡೆಯುತ್ತಿದ್ದುದು, ದಾರಿಯ ಛತ್ರದಲ್ಲಿ ಒಲೆಯೂ ಪಾತ್ರೆಯೂ ಬಾವಿಯೂ ಇದ್ದೇ ಇರುವುವೆಂಬ ಭರವಸೆಯಿಂದ. ಹೆಸರಿನಲ್ಲಿಯೇ ಛತ್ರವನ್ನು ಧರಿಸಿರುವ ಚಿಕ್ಕಯ್ಯನಛತ್ರದ ವಿದ್ಯಾರ್ಥಿಯೊಬ್ಬನ ಪ್ರಶ್ನೆ ನನಗೆ ಈ ಚಿತ್ರವನ್ನೇ ನೆನಪಿಗೆ ತಂದಿತು. ಅವನು ಪೈಥಾನ್ ಭಾಷೆಯಲ್ಲಿ ಬರೆದ ಮಗ್ಗಿಯ ಆಟ ಮನೆಯ ಕಂಪ್ಯೂಟರಿನಲ್ಲಿ ಸೊಗಸಾಗಿ ನಡೆಯಿತಂತೆ. ಪೆನ್‌ಡ್ರೈವಿನಲ್ಲಿ ಗೆಳೆಯನ ಮನೆಗೆ ಒಯ್ದರೆ ಮಿಸುಕಲೊಲ್ಲದು. ಪ್ರೋಗ್ರಾಮು ಅದೇ ಅಲ್ಲವೆ ಎಂದು ಅವನ ಆಕ್ಷೇಪ. ಪ್ರೋಗ್ರಾಮು ಅದೇ, ಆ ಮನೆಯಲ್ಲಿ ಛತ್ರವಿರಲಿಲ್ಲ. ಪೈಥಾನಿನ ಸಾಲುಗಳನ್ನು ಓದಿ ನಡೆಸತಕ್ಕ ರನ್‌ಟೈಮ್ ಅಲ್ಲಿ ಇನ್‌ಸ್ಟಾಲ್ ಆಗಿರಲಿಲ್ಲ.

ಈ ಸಂಕಟ ಕನ್ನಡಿಗರಿಗೆ ಹೊಸದಲ್ಲ. ಯೂನಿಕೋಡ್ ಬಳಕೆಗೆ ಬರುವ ಮುನ್ನ ಕನ್ನಡದಲ್ಲಿ ಬೆರಳಚ್ಚಿಸಿದ ಪತ್ರವನ್ನು ಫಾಂಟ್ ಇಲ್ಲದ ಯಂತ್ರದಲ್ಲಿ ತೆರೆದವರು, ತಮ್ಮ ಒಕ್ಕಣೆಯ ಸ್ಥಾನದಲ್ಲಿ ಅರ್ಥಹೀನವಾದ ರೋಮನ್ ಅಕ್ಷರಗಳ ದೊಂಬಿಯನ್ನು ಕಂಡು ಬೆಪ್ಪಾದವರೇ. 1998ರಲ್ಲಿ ಶೇಷಾದ್ರಿವಾಸು ಅವರು ಹೊರತಂದ ‘ಬರಹ’ವು ಬರೆಯುವ ತಂತ್ರಾಂಶದೊಡನೆ ಫಾಂಟುಗಳನ್ನೂ ಒಂದೇ ಸೆಟಪ್ ಕಡತದಲ್ಲಿ ತಂದದ್ದರಿಂದ, ಊರೂರಿನ ಸೈಬರ್ ಕೆಫೆಗಳಲ್ಲಿ ಕನ್ನಡ ನೆಲೆಯೂರುವುದು ಸುಲಭವಾಯಿತು.

ಬುತ್ತಿಯೊಡನೆ ಒಲೆಯನ್ನೂ, ಎಂದರೆ ಪ್ರೋಗ್ರಾಮಿನೊಡನೆ ಅದರ ರನ್‌ಟೈಮನ್ನೂ, ಒಂದೇ ಕಡತದಲ್ಲಿ ಕಟ್ಟಿಕೊಂಡು ಹೋಗುವ ಈ ವಿದ್ಯೆಯ ಹಿಂದೆ ಒಂದು ಚಮತ್ಕಾರವುಂಟು. ನಮ್ಮ ಹೊಲಗಳಲ್ಲಿ ಮಣ್ಣುಮುಕ್ಕ ಹಾವನ್ನು ಕಂಡವರು ಅದಕ್ಕೆ ಎರಡು ತಲೆಯೆನ್ನುತ್ತಾರೆ. ಹಾವಿನ ವಿಷಯದಲ್ಲಿ ಅದು ಭ್ರಮೆ, ತನ್ನನ್ನು ತಾನೇ ಬಿಚ್ಚಿಕೊಳ್ಳುವ ಕಡತದ ವಿಷಯದಲ್ಲಿ ಅಕ್ಷರಶಃ ಸತ್ಯ. ವಿಂಡೋಸ್ ಯಾವುದೇ ಎಕ್ಸ್‌ಇ ಕಡತವನ್ನು ಮೊದಲಿನಿಂದ ಓದುತ್ತದೆ. ಹಲವು ಕಡತಗಳನ್ನು ಒಂದಾಗಿ ಕಟ್ಟಿದ ಜಿಪ್ ಗಂಟನ್ನು ಬಿಚ್ಚುವ ತಂತ್ರಾಂಶವಾದರೋ ಮೊದಲು ಕೊನೆಗೆ ಹೋಗಿ, ಅಲ್ಲಿರುವ ವಿಷಯಾನುಕ್ರಮಣಿಕೆಯನ್ನು ಹುಡುಕುತ್ತದೆ. ಆದಕಾರಣ ತಲೆಯ ಕಡೆ ಚಿಕ್ಕದೊಂದು ಪ್ರೋಗ್ರಾಮನ್ನೂ ಬಾಲದ ಕಡೆ ಜಿಪ್ ಗಂಟನ್ನೂ ಹೊಲಿದುಬಿಟ್ಟರೆ, ಇಬ್ಬರು ಓದುಗರೂ ತಂತಮ್ಮ ತುದಿಯನ್ನು ಹಿಡಿದು ಪರಸ್ಪರ ಕಲಹವಿಲ್ಲದೆ ಕೆಲಸ ಪೂರೈಸುತ್ತಾರೆ. ಮುಂದಿನ ಪ್ರೋಗ್ರಾಮು ತನ್ನದೇ ಬಾಲವನ್ನು ಬಿಚ್ಚಿ, ಒಳಗಿನ ರನ್‌ಟೈಮನ್ನು ತಾತ್ಕಾಲಿಕ ಫೋಲ್ಡರಿನಲ್ಲಿ ಹರಡಿ, ಆಟವನ್ನು ಅದರ ಕೈಗೆ ಒಪ್ಪಿಸುತ್ತದೆ.

ಇಂಥ ಕಡತವೊಂದನ್ನು ನೋಟ್‌ಪ್ಯಾಡಿನಲ್ಲಿ ತೆರೆದು ನೋಡಿದರೆ ಮೊಟ್ಟಮೊದಲು ಕಾಣುವುದು ‘ಎಂ ಝಡ್’ ಎಂಬ ಎರಡಕ್ಷರ. ಅದು ಮೈಕ್ರೋಸಾಫ್ಟಿನಲ್ಲಿದ್ದ ಮಾರ್ಕ್ ಝಬಿಕೋವ್‌ಸ್ಕಿಯ ಹೆಸರಿನ ಕುರುಹು. ಕೊನೆಗೆ ಸಮೀಪದಲ್ಲಿ ‘ಪಿ ಕೆ’. ಅದು 1989ರಲ್ಲಿ ಜಿಪ್ ಕ್ರಮವನ್ನು ರೂಪಿಸಿ ಜಗತ್ತಿಗೆ ಮುಕ್ತವಾಗಿ ಕೊಟ್ಟ ಅಮೆರಿಕದ ಫಿಲ್ ಕಾಟ್ಜ್‌ನದು. ಅವನು 2000ದಲ್ಲಿ, ಮೂವತ್ತೇಳರ ಪ್ರಾಯದಲ್ಲಿಯೇ ತೀರಿಕೊಂಡನು. ಹಳೆಯ ದೇಗುಲದ ಕಲ್ಲಿನಲ್ಲಿ ರೂವಾರಿ ಕೊರೆದ ಹೆಸರನ್ನು ಕಂಡಾಗಿನ ಭಾವವೇ ಈ ನಾಲ್ಕು ಅಕ್ಷರಗಳನ್ನು ಕಂಡಾಗಲೂ ನನಗೆ ಉಂಟಾಗುತ್ತದೆ.

ಲಿನಕ್ಸಿನಲ್ಲಿಯೂ ಈ ಪದ್ಧತಿಯುಂಟು. ಸನ್ ಸಂಸ್ಥೆಯ ಜಾವಾ ಬಹುಕಾಲ ಬರುತ್ತಿದ್ದುದು ಹೀಗೆಯೇ, ಮುಂದೆ ಓದಬಲ್ಲ ಶೆಲ್ ಸ್ಕ್ರಿಪ್ಟು, ಹಿಂದೆ ರನ್‌ಟೈಮಿನ ಗಂಟು.

ಒಂದೇ ಕಡತ, ಎಲ್ಲೆಂದರಲ್ಲಿ ಓಡುತ್ತದೆಂಬ ಜಾಹೀರಾತನ್ನು ಮಾತ್ರ ನಾನು ಪೂರ್ತಿ ನಂಬಲಾರೆ. ಎರಡು ಕಿಲೊಬೈಟಿನ ಮಗ್ಗಿಗೆ ಹಲವು ಮೆಗಾಬೈಟುಗಳ ಹೊರೆ ಬೀಳುತ್ತದೆ. ಛತ್ರದ ಬಾವಿ ಕೆಟ್ಟರೆ ಒಮ್ಮೆ ತೋಡಿಸಿದರಾಯಿತು. ರನ್‌ಟೈಮಿನಲ್ಲಿ ಭದ್ರತಾದೋಷ ಕಂಡುಬಂದರೆ ಪ್ರತಿಯೊಂದು ಬುತ್ತಿಯನ್ನೂ ಹೊಸದಾಗಿ ಕಟ್ಟಬೇಕು. ವೈರಸ್ ಬರೆಯುವವರಿಗೂ ಇದೇ ಉಪಾಯ ಪ್ರಿಯವಾದ್ದರಿಂದ ಆಂಟಿವೈರಸ್‌ಗಳು ನಿರಪರಾಧಿಗಳನ್ನೂ ಶಂಕಿಸುತ್ತವೆ.

ನಮ್ಮ ಹುಡುಗನು ತನ್ನ ಆಟವನ್ನು ಹೀಗೆ ಕಟ್ಟಿ ಗೆಳೆಯನ ಮನೆಯಲ್ಲಿ ಗೆದ್ದ ಮೇಲೆ, ಅದೇ ಉತ್ಸಾಹದಿಂದ ಕಾಸರಗೋಡಿನ ಕನ್ನಡ ಶಾಲೆಯಲ್ಲಿ ಓದುವ ಚಿಕ್ಕಮ್ಮನ ಮಗಳಿಗೂ ಕಳುಹಿಸಿದನು. ಕೇರಳದ ಸರ್ಕಾರಿ ಶಾಲೆಗಳ ಕಂಪ್ಯೂಟರುಗಳಲ್ಲಿರುವುದು ಲಿನಕ್ಸು. ವಿಂಡೋಸಿಗೆಂದು ಹೊಲಿದ ತಲೆ ಅಲ್ಲಿ ನಡೆಯಲಿಲ್ಲ. ಆ ಹುಡುಗಿ ಜಾಣೆ. ತಲೆಯ ಗೊಡವೆಯನ್ನೇ ಬಿಟ್ಟು ಬಾಲದ ಕಡೆಯಿಂದ ಜಿಪ್ಪನ್ನು ಬಿಚ್ಚಿ, ಮಗ್ಗಿಯ ಆಟದ ಎರಡು ಕಿಲೊಬೈಟನ್ನಷ್ಟೇ ಹೊರಗೆ ತೆಗೆದಳು. ಪೈಥಾನ್ ಆ ಯಂತ್ರದಲ್ಲಿ ಮೊದಲೇ ಇತ್ತು.