ಬೆಳ್ಳಿಗೂದಲ ಹಿಂದಿನ ವಂಶವಾಹಿ

ಹಸುಗೂಸಿನ ಕೂದಲು ಬೆಳ್ಳಿಯಂತೆ ಹೊಳೆಯುತ್ತಿದ್ದರೆ ‘ಅಜ್ಜಿಯ ಕೂದಲು ಬಂದಿದೆ’ ಎಂದು ನೆಂಟರಿಷ್ಟರು ನಕ್ಕು ಸುಮ್ಮನಾಗಬಹುದು. ವೈದ್ಯರು ಸುಮ್ಮನಾಗಬಾರದು ಎಂಬುದು ನನ್ನ ವಾದ. ಅಪರೂಪಕ್ಕಾದರೂ ಆ ಹೊಳಪಿನ ಹಿಂದೆ ಮಾರಕ ಕಾಯಿಲೆಯೊಂದು ಅಡಗಿರುತ್ತದೆ.

ಮನುಷ್ಯನ 15ನೇ ವರ್ಣತಂತುವಿನಲ್ಲಿ ‘ರ‍್ಯಾಬ್27ಎ’ ಎಂಬ ವಂಶವಾಹಿಯಿದೆ. ಅದು ರೂಪಿಸುವ ಪುಟ್ಟ ಪ್ರೋಟೀನಿನಲ್ಲಿರುವುದು 221 ಅಮೈನೊ ಆಮ್ಲಗಳು ಮಾತ್ರ. ಜೀವಕೋಶದೊಳಗಿನ ಸರಕಿನ ಚೀಲಗಳನ್ನು ಅಂಚಿಗೆ ತಲುಪಿಸಲು ನೆರವಾಗುವುದು ಅದರ ಕೆಲಸ. ಬಣ್ಣ ತಯಾರಿಸುವ ಕೋಶಗಳಲ್ಲಿ ಆ ಸರಕು ಮೆಲನಿನ್. ಬಿಳಿರಕ್ತಕಣಗಳ ಪೈಕಿ ‘ಟಿ’ ಕೋಶಗಳಲ್ಲಿ, ಸೋಂಕು ತಗುಲಿದ ಕೋಶಗಳನ್ನು ಕೊಲ್ಲುವ ವಿಷ. ವಂಶವಾಹಿಯ ಎರಡೂ ಪ್ರತಿಗಳು ಕೆಟ್ಟಿದ್ದರೆ ಬಣ್ಣ ಕೂದಲಿನಲ್ಲಿ ಸಮನಾಗಿ ಹರಡದು, ವಿಷವೂ ಹೊರಬೀಳದು. ಕೆಲಸ ಮುಗಿಸಲಾಗದೆ ಕೆರಳುತ್ತಲೇ ಹೋಗುವ ರೋಗನಿರೋಧಕ ವ್ಯವಸ್ಥೆ ಕೊನೆಗೆ ಸ್ವಂತ ದೇಹದ ಮೇಲೆಯೇ ಎರಗುತ್ತದೆ. ಜ್ವರ ಇಳಿಯುವುದಿಲ್ಲ, ಯಕೃತ್ತು, ಗುಲ್ಮಗಳು ಊದಿಕೊಳ್ಳುತ್ತವೆ. ಅಸ್ಥಿಮಜ್ಜೆಯ ಕಸಿಯೇ ಇದಕ್ಕೆ ಶಾಶ್ವತ ಪರಿಹಾರ.

ಫ್ರಾನ್ಸಿನ ಕ್ಲೋದ್ ಗ್ರಿಸೆಲಿ ಮತ್ತು ಸಂಗಡಿಗರು 1978ರಲ್ಲಿ ವರ್ಣಿಸಿದ ಈ ಕಾಯಿಲೆಗೆ ಅವರ ಹೆಸರೇ ಉಳಿದಿದೆ. ರ‍್ಯಾಬ್27ಎ ದೋಷವೇ ಇದರ ಮಾರಕ ಬಗೆಗೆ ಕಾರಣವೆಂಬುದು 2000ದಲ್ಲಿ ಪತ್ತೆಯಾಯಿತು.

ನಮಗೇಕೆ ಈ ಚಿಂತೆ? ಸೋದರಮಾವನನ್ನೋ ಅತ್ತೆಯ ಮಗನನ್ನೋ ವರಿಸುವ ವಾಡಿಕೆ ಕರ್ನಾಟಕದಲ್ಲಿ ಇಂದಿಗೂ ಇದೆ. ಅಂಥಲ್ಲಿ ಒಂದೇ ಹಿರಿಯರಿಂದ ಬಂದ ದೋಷ ತಾಯಿ, ತಂದೆ ಇಬ್ಬರಿಂದಲೂ ಮಗುವಿಗೆ ದಾಟುವ ಸಂಭವ ಹೆಚ್ಚು. ಇಬ್ಬರೂ ವಾಹಕರಾಗಿದ್ದರೆ ಪ್ರತಿ ಬಸಿರಿನಲ್ಲೂ ಆ ಸಾಧ್ಯತೆ ಶೇ 25.

ಸಮಾಧಾನದ ಸಂಗತಿಯೆಂದರೆ, ಮೊದಲ ಸುಳಿವಿಗೆ ದುಬಾರಿ ಯಂತ್ರ ಬೇಕಿಲ್ಲ. ಒಂದೆಳೆ ಕೂದಲನ್ನು ಸಾಧಾರಣ ಸೂಕ್ಷ್ಮದರ್ಶಕದಡಿ ಇಟ್ಟರೆ ಬಣ್ಣವು ಅಲ್ಲಲ್ಲಿ ಗಂಟುಗಟ್ಟಿರುವುದು ಕಾಣುತ್ತದೆ. ಇತರ ಕೆಲವು ಕಾಯಿಲೆಗಳಲ್ಲೂ ಹೀಗಾಗುವುದರಿಂದ, ಖಚಿತಪಡಿಸಲು ವಂಶವಾಹಿ ಪರೀಕ್ಷೆ ಬೇಕೇ ಬೇಕು.

ಅಪರೂಪದ ಕಾಯಿಲೆಗಳಿಗಾಗಿ ಕೇಂದ್ರ ಸರ್ಕಾರ 2021ರಲ್ಲಿ ರಾಷ್ಟ್ರೀಯ ನೀತಿ ತಂದಿತು. ಅದರ ವ್ಯಾಪ್ತಿಯ ಕಾಯಿಲೆಗಳಿಗೆ ನೆರವಿನ ಮಿತಿಯನ್ನು 2022ರಲ್ಲಿ 50 ಲಕ್ಷ ರೂಪಾಯಿಗೆ ಏರಿಸಿತು. ಒಳ್ಳೆಯದೇ. ಆದರೆ ಕಾಯಿಲೆ ಗುರುತಾಗದೆ ‘ವಿಷಮಜ್ವರ’ವೆಂಬ ಹಣೆಪಟ್ಟಿಯೊಂದಿಗೆ ಮಗು ಕಣ್ಮುಚ್ಚಿದರೆ ಯಾವ ನೀತಿ ಅದನ್ನು ಕಾಪಾಡೀತು? ತಾಲ್ಲೂಕು ಆಸ್ಪತ್ರೆಗಳಲ್ಲಿ ಸೂಕ್ಷ್ಮದರ್ಶಕಗಳಿವೆ. ಬೆಳ್ಳಿಗೂದಲು, ಬಿಡದ ಜ್ವರ ಒಟ್ಟಿಗೆ ಕಂಡಾಗ ಕೂದಲನ್ನೂ ನೋಡಬೇಕೆಂಬ ತಿಳಿವಳಿಕೆಯನ್ನು ಅಲ್ಲಿನ ವೈದ್ಯರಿಗೆ ಕೊಡುವುದಕ್ಕೆ ದೊಡ್ಡ ಖರ್ಚೇನೂ ಇಲ್ಲ. ಆರೋಗ್ಯ ಇಲಾಖೆ ಅಷ್ಟಾದರೂ ಮಾಡಲಿ.