ಕಿಡ್ನಿ ಕಲ್ಲು: ತಪ್ಪು ನೀರಿನದ್ದೋ, ನಮ್ಮದೋ?

ನೀರು ಕಾಯಿಸಿದ ಪಾತ್ರೆಯ ತಳದಲ್ಲಿ ಬಿಳಿ ಕರೆ ಕಂಡರೆ ಸಾಕು, 'ಇದೇ ಹೊಟ್ಟೆಗೆ ಹೋಗಿ ಕಲ್ಲಾಗುತ್ತೆ' ಅಂತ ಹೆದರುವವರೇ ಹೆಚ್ಚು. ಆ ಕರೆ ಗಡಸು ನೀರಿನ ಕ್ಯಾಲ್ಸಿಯಂ, ಮೆಗ್ನೀಸಿಯಂ ಲವಣ. ಕುಡಿಯುವ ನೀರಿನ ಗಡಸುತನ ಲೀಟರಿಗೆ 200 ಮಿಲಿಗ್ರಾಂ ಒಳಗಿರಲಿ, ಬೇರೆ ನೀರು ಸಿಗದಿದ್ದರೆ 600ರವರೆಗೂ ನಡೆದೀತು ಎನ್ನುತ್ತದೆ ಭಾರತೀಯ ಮಾನಕ. ಗಡಸು ನೀರೊಂದರಿಂದಲೇ ಕಲ್ಲಾಗುತ್ತದೆ ಎಂಬುದು ಸಾಬೀತಾಗಿಲ್ಲ.

ನಿಜವಾದ ಶತ್ರು, ನೀರು ಕಡಿಮೆ ಕುಡಿಯುವುದು. ಕಾರವಾರ ತಾಲೂಕಿನ ಕದ್ರಾವನ್ನೇ ನೋಡಿ. ಪಕ್ಕದಲ್ಲೇ ಕಾಳಿ ನದಿ, ಅದಕ್ಕೊಂದು ಅಣೆಕಟ್ಟು. ಆದರೆ ಹೊಳೆ ತುಂಬಿದ್ದರೇನು, ಹೊಟ್ಟೆಗೆ ಹೋಗಬೇಕಲ್ಲ! ಕರಾವಳಿಯ ಸೆಖೆಗೆ ಮೈಯ ನೀರೆಲ್ಲ ಬೆವರಾಗಿ ಇಳಿದರೆ ಮೂತ್ರ ಗಾಢವಾಗಿ, ಅದರಲ್ಲಿನ ಕ್ಯಾಲ್ಸಿಯಂ, ಆಕ್ಸಲೇಟ್ ಹರಳುಗಟ್ಟುತ್ತವೆ. ನಾವು ಹೆಂಗಸರಂತೂ ಕೆಲಸದ ಗಡಿಬಿಡಿಯಲ್ಲಿ ಕುಡಿಯೋದನ್ನೇ ಮರೀತೀವಿ. ಅಂಕೋಲೆಗೆ ಬಸ್ಸು ಹತ್ತಬೇಕೆಂದರೆ, ಶೌಚಾಲಯದ ಚಿಂತೆಯಲ್ಲಿ ಬೆಳಗಿನಿಂದ ಒಂದು ಗುಟುಕೂ ಇಲ್ಲ.

ಹೀಗೆ ಮಾಡಿ:

* ದಿನಕ್ಕೆ ಎರಡೂವರೆಯಿಂದ ಮೂರು ಲೀಟರ್ ನೀರು ಕುಡಿಯಿರಿ. ಮೂತ್ರ ತಿಳಿ ಹಳದಿ ಇದ್ದರೆ ಸರಿ. ಹೃದಯ, ಕಿಡ್ನಿ ತೊಂದರೆ ಇರುವವರು ವೈದ್ಯರನ್ನು ಕೇಳಿ.
* ಉಪ್ಪಿನಕಾಯಿ, ಹಪ್ಪಳ, ಒಣಮೀನು ಮಿತವಾಗಿರಲಿ. ಉಪ್ಪು ಹೆಚ್ಚಾದರೆ ಮೂತ್ರದಲ್ಲಿ ಕ್ಯಾಲ್ಸಿಯಂ ಹೆಚ್ಚುತ್ತದೆ.
* ಹಾಲು, ಮೊಸರು ಬಿಡಬೇಡಿ. ಅವುಗಳ ಕ್ಯಾಲ್ಸಿಯಂ ಆಕ್ಸಲೇಟನ್ನು ಕರುಳಲ್ಲೇ ಹಿಡಿದಿಡುತ್ತದೆ.
* ಸಕ್ಕರೆ ಹಾಕದ ನಿಂಬೆ ನೀರು ಒಳ್ಳೆಯದು. ಅದರ ಸಿಟ್ರೇಟ್ ಹರಳಾಗುವುದನ್ನು ತಡೆಯುತ್ತದೆ.
* ಕುದಿಸಿದರೆ ರೋಗಾಣು ಸಾಯುತ್ತವೆ, ಉಪ್ಪಿನಂಶ ಹೋಗದು. ಬೇಸಿಗೆಯಲ್ಲಿ ಬಾವಿ ನೀರು ಸವಳೆನಿಸಿದರೆ ಪರೀಕ್ಷೆ ಮಾಡಿಸಿ.

ಸೊಂಟದ ಪಕ್ಕ ತಡೆಯಲಾರದ ನೋವು, ಜೊತೆಗೆ ಜ್ವರ ಅಥವಾ ಮೂತ್ರದಲ್ಲಿ ರಕ್ತ ಕಂಡರೆ ಮನೆಮದ್ದು ಮಾಡುತ್ತಾ ಕೂರಬೇಡಿ. ಅವತ್ತೇ ವೈದ್ಯರ ಬಳಿ ಹೋಗಿ.