ಸಿದ್ದರಬೆಟ್ಟದ ಹೊಟ್ಟೆಯೊಳಗೆ

ತುಮಕೂರಿನ ಬಟವಾಡಿಯಿಂದ ಹೊರಟರೆ ಒಂದು ತಾಸಿನ ದಾರಿ. ಅಷ್ಟು ಹೊತ್ತಿಗೆ ನೀವು ಬೆಟ್ಟದ ಮೇಲಲ್ಲ, ಬೆಟ್ಟದ ಒಳಗೇ ಇಳಿಯಬಹುದು! ಹೌದು, ಒಳಗೇ! ತಲೆಯ ಮೇಲೆ ಮನೆಗಿಂತ ದೊಡ್ಡ ಬಂಡೆ, ಕಾಲಡಿಗೆ ಇನ್ನೊಂದು ಬಂಡೆ, ನಡುವೆ ಮೈ ತೂರಿಸುವಷ್ಟೇ ಸಂದು, ಕತ್ತಲಲ್ಲಿ ಎಲ್ಲೋ ತೊಟ್ಟಿಕ್ಕುವ ನೀರಿನ ಸದ್ದು. ಕೊರಟಗೆರೆ ತಾಲ್ಲೂಕಿನ ಸಿದ್ದರಬೆಟ್ಟದ ಗವಿಗಳಲ್ಲಿ ನುಸುಳಿ ಬಂದ ಮೇಲೆ ಸಿಕ್ಕವರಿಗೆಲ್ಲ ಇದನ್ನೇ ಹೇಳುತ್ತಿದ್ದೇನೆ. ಹಾಲು ತರಲು ಹೋದರೂ ಇದೇ ಮಾತು, ಎಪಿಎಂಸಿ ಯಾರ್ಡಿನ ಮುಂದೆ ಬಸ್ಸಿಗೆ ಕಾಯುವಾಗಲೂ ಇದೇ ಮಾತು. ಇಂಥದ್ದೊಂದು ಲೋಕ ಇಷ್ಟು ಹತ್ತಿರ ಇದೆಯೆಂದರೆ ಸುಮ್ಮನಿರುವುದಾದರೂ ಹೇಗೆ?

ಹೀಗೆ ಬಂಡೆಗಳೊಳಗೆ ಇಳಿಯುವಾಗ ನನಗೆ ನೆನಪಾದದ್ದು ಕ್ಯಾನ್ಯೋನಿಂಗ್, ಆ ಸಾಹಸದ ವಿಡಿಯೊಗಳನ್ನು ನೀವೂ ನೋಡಿರುತ್ತೀರಿ. ಹೆಲ್ಮೆಟ್ ಹಾಕಿ, ಸೊಂಟಕ್ಕೆ ಹಗ್ಗ ಬಿಗಿದು, ಗೈಡ್ ಒಬ್ಬರ ಹಿಂದೆ ಆಳವಾದ ಕಣಿವೆಯೊಳಗೆ ನೀರಿನ ಜೊತೆಗೇ ಇಳಿಯುವುದು. ಜಲಪಾತ ಬಂದರೆ ಹಗ್ಗ ಹಿಡಿದು ಇಳಿಯಬೇಕು, ಮಡು ಬಂದರೆ ಹಾರಬೇಕು, ಜಾರುಬಂಡೆ ಬಂದರೆ ಜಾರಬೇಕು. ಫ್ರಾನ್ಸಿನಲ್ಲಿ ಎದುವಾರ್ ಆಲ್ಫ್ರೆಡ್ ಮಾರ್ತೆಲ್ 1905ರಲ್ಲಿ ವೆರ್ದೋನ್ ಕಂದರವನ್ನು ಹಾದು ಬಂದದ್ದು ಈ ಸಾಹಸದ ಚರಿತ್ರೆಯ ಮೊದಲ ಪುಟಗಳಲ್ಲೊಂದು. ಇವತ್ತು ಇದಕ್ಕೆ ಹೆಸರಾದ ಜಾಗಗಳಲ್ಲಿ ಒಂದು, ಹಿಂದೂ ಮಹಾಸಾಗರದಲ್ಲಿ ಮಡಗಾಸ್ಕರ್‌ನ ಪೂರ್ವಕ್ಕಿರುವ ರಿಯೂನಿಯನ್ ಎಂಬ ಅಗ್ನಿಪರ್ವತದ ದ್ವೀಪ. ಅಲ್ಲಿನ ಸಿಲಾವೊಸ್, ಸಲಾಜಿ ಕಣಿವೆಗಳಿಗೆ ಲೋಕದ ಮೂಲೆಮೂಲೆಯಿಂದ ಹೊಸಬರು ಬಂದು ಮೊದಲ ಸಲ ಹಗ್ಗ ಹಿಡಿಯುತ್ತಾರೆ. 1966ರ ಜನವರಿಯಲ್ಲಿ ಆ ದ್ವೀಪದ ಫೋಕ್ ಫೋಕ್ ಎಂಬಲ್ಲಿ 24 ಗಂಟೆಗಳಲ್ಲಿ 1,825 ಮಿ.ಮೀ. ಮಳೆ ಸುರಿಯಿತು! ನಮ್ಮ ತುಮಕೂರು ಜಿಲ್ಲೆಗೆ ಎರಡು ವರ್ಷ ಬೀಳುವ ಮಳೆಗಿಂತ ಹೆಚ್ಚು, ಒಂದೇ ದಿನಕ್ಕೆ! ಅಂಥ ಮಳೆ ಲಾವಾ ಬಂಡೆಯನ್ನು ಕೊರೆದು ಕೊರೆದು ಮಾಡಿದ ಕಣಿವೆಗಳು ಅವು.

ಇನ್ನೂ ಬೆರಗಿನ ಸಂಗತಿಯೊಂದಿದೆ. ಆ ದ್ವೀಪಕ್ಕೂ ನಮ್ಮ ನಾಡಿಗೂ ಒಂದೇ ಒಲೆ! ಸುಮಾರು 6.6 ಕೋಟಿ ವರ್ಷಗಳ ಹಿಂದೆ ಭಾರತದ ನೆಲ ಈಗಿನ ಜಾಗದಲ್ಲಿರಲಿಲ್ಲ. ಬಹಳ ದಕ್ಷಿಣದಲ್ಲಿ, ಭೂಮಿಯಾಳದ ಒಂದು ಕುದಿ ತಾಣದ ಮೇಲೆ ಹಾದು ಹೋಗುತ್ತಿತ್ತು. ಆಗ ಉಕ್ಕಿ ಹರಡಿದ ಲಾವಾರಸವೇ ಬೆಳಗಾವಿ, ವಿಜಯಪುರ, ಕಲಬುರಗಿಯ ಕಡೆಯ ಕಪ್ಪು ಕಲ್ಲು. ಗೋಲಗುಮ್ಮಟದ ಗೋಡೆಗಳಲ್ಲಿ ಕೂತಿರುವುದೂ ಅದೇ ಕಲ್ಲು, ಎರೆಮಣ್ಣಾಗಿ ಜೋಳ ಬೆಳೆಸುತ್ತಿರುವುದೂ ಅದೇ. ನೆಲ ಉತ್ತರಕ್ಕೆ ಸರಿಯಿತು, ಒಲೆ ಅಲ್ಲೇ ಉಳಿಯಿತು. ಅದೇ ಒಲೆ ಇವತ್ತು ರಿಯೂನಿಯನ್ ದ್ವೀಪವನ್ನು ಕಟ್ಟುತ್ತಿದೆ. ಅಲ್ಲಿನ ಪಿಟೋನ್ ದ ಲಾ ಫೂರ್ನೇಸ್ ಅಗ್ನಿಪರ್ವತ ಈಗಲೂ ಆಗಾಗ ಲಾವಾ ಉಗುಳುತ್ತದೆ!

ಅದು ಹೊರಗೆ ಬಂದ ಬೆಂಕಿಯ ಕಥೆ. ನಮ್ಮ ತುಮಕೂರಿನದು ಹೊರಗೆ ಬಾರದೆ ಒಳಗೇ ಆರಿದ ಬೆಂಕಿಯ ಕಥೆ. ಅದನ್ನು ಕೈಯಿಂದ ಮುಟ್ಟಿ ನೋಡಬೇಕಾದರೆ ಸಿದ್ದರಬೆಟ್ಟದ ಗವಿಗಳಿಗೇ ಬರಬೇಕು.

ತುಮಕೂರಿನಿಂದ ತೋವಿನಕೆರೆಯ ಮೇಲೆ ಹೋದರೆ ಬೆಟ್ಟದ ಬುಡ. ಸಿದ್ಧರು ಇಲ್ಲಿ ತಪಸ್ಸು ಮಾಡಿದರೆಂದು ಜನ ನಂಬುತ್ತಾರೆ. ಬೆಟ್ಟದ ಗಿಡಮೂಲಿಕೆಗಳಿಗಾಗಿ ನಾಟಿ ವೈದ್ಯರು ಬರುತ್ತಾರೆ, ಗವಿಯೊಳಗಿನ ಸಿದ್ದೇಶ್ವರನಿಗೆ ಕೈಮುಗಿದು ಅಲ್ಲಿಯ ನೀರು ಕುಡಿಯಲು ಭಕ್ತರು ಬರುತ್ತಾರೆ. ಮೆಟ್ಟಿಲು ಹತ್ತಿ ಗುಡಿಯವರೆಗೆ ಯಾರು ಬೇಕಾದರೂ ಹೋಗಬಹುದು. ಅದರಾಚೆಯ ಗವಿಗಳಿಗೆ ಮಾತ್ರ ಊರಿನ ಗೈಡ್ ಬೇಕೇ ಬೇಕು. ಒಳಗೆ ದಾರಿಗೆ ದಾರಿ ಕವಲೊಡೆಯುತ್ತದೆ. ಯಾವುದು ಬೆಳಕಿಗೆ ಹೋಗುತ್ತದೆ, ಯಾವುದು ಕುರುಡು ಸಂದು ಎಂಬುದು ಚಿಕ್ಕಂದಿನಿಂದ ಅಲ್ಲಿ ಆಡಿ ಬೆಳೆದವರಿಗೇ ಗೊತ್ತು.

ನಮಗೆ ಸಿಕ್ಕವನು ಇಪ್ಪತ್ತೈದರ ಆಸುಪಾಸಿನ ಹುಡುಗ. ಬರಿಗಾಲು, ಕೈಯಲ್ಲೊಂದು ಟಾರ್ಚು.

"ಅಕ್ಕಾ, ಬ್ಯಾಗ್ ಇಲ್ಲೇ ಬಿಡಿ. ಒಳಗೆ ನೀವು ತೂರಿದ್ರೆ ಸಾಕು, ಬ್ಯಾಗಿಗೆ ಜಾಗ ಇಲ್ಲ" ಅಂದ. ಗವಿಯ ಬಾಯಲ್ಲಿ ನಿಂತು ಜೋರಾಗಿ ಎರಡು ಕೂಗು ಹಾಕಿದ, ಒಂದು ಕಲ್ಲು ತೆಗೆದು ಬಂಡೆಗೆ ಕುಟ್ಟಿದ. ಈ ಸೀಮೆಯ ಬಂಡೆಬೆಟ್ಟಗಳಲ್ಲಿ ಕರಡಿ, ಚಿರತೆಗಳಿವೆ. ನಾವು ಬರುತ್ತಿದ್ದೇವೆಂದು ಅವಕ್ಕೆ ಮೊದಲೇ ತಿಳಿಸುವುದು ಇಲ್ಲಿನ ಪದ್ಧತಿ. ಆಮೇಲೆ ಕಿವಿಗೊಟ್ಟು ಆಲಿಸಿ, "ಬನ್ನಿ" ಅಂದವನೇ ಬಂಡೆಯೊಳಗೆ ಮಾಯವಾದ!

ಮೊದಲು ಬಗ್ಗಿ ನಡೆದೆವು, ಆಮೇಲೆ ಕೂತು ಜರುಗಿದೆವು, ಆಮೇಲೆ ಹೊಟ್ಟೆಯ ಮೇಲೆ ತೆವಳಿದೆವು. ಹೊರಗೆ ಸುಡುವ ಬಿಸಿಲು, ಒಳಗೆ ಕಲ್ಲಿಗೆ ಕೆನ್ನೆ ತಾಗಿದರೆ ತಣ್ಣಗೆ! ಒಂದು ಕಡೆ ಸಂದು ನೇರ ಕೆಳಕ್ಕೆ ಇಳಿಯುತ್ತದೆ, ಮೆಟ್ಟಿಲಿಲ್ಲ, ಹಿಡಿಕೆಯಿಲ್ಲ. ಬೆನ್ನನ್ನು ಒಂದು ಬಂಡೆಗೆ ಒತ್ತಿ, ಪಾದಗಳನ್ನು ಎದುರು ಬಂಡೆಗೆ ಕೊಟ್ಟು, ಇಂಚಿಂಚೇ ಜಾರಬೇಕು. ಕೆಳಗಿನಿಂದ ಅವನ ದನಿ: "ಎರಡು ಕೈ, ಎರಡು ಕಾಲು. ನಾಲ್ಕರಲ್ಲಿ ಯಾವಾಗ್ಲೂ ಮೂರು ಕಲ್ಲಿಗೆ ಬಿಗಿಯಾಗಿರ್ಲಿ, ಒಂದನ್ನ ಮಾತ್ರ ಎತ್ತಿ. ಕೆಳಗೆ ನೋಡ್ಬೇಡಿ ಅನ್ನಲ್ಲ ಅಕ್ಕಾ, ನೋಡಿ. ಕಾಲು ಎಲ್ಲಿಡ್ಬೇಕು ಅಂತ ನೋಡಿ."

ಲೋಕದ ಎಲ್ಲ ಬಂಡೆ ಹತ್ತುವವರೂ ಕಲಿಯುವ ಮೊದಲ ಪಾಠ ಇದೇ! ಯಾವ ಶಿಬಿರಕ್ಕೂ ಹೋಗದೆ, ಬೆಟ್ಟವೇ ಕಲಿಸಿದ್ದನ್ನು ಅವನು ನನಗೆ ದಾಟಿಸುತ್ತಿದ್ದ. ಕ್ಯಾನ್ಯೋನಿಂಗ್‌ನಲ್ಲಿ ಒಂದು ಜಲಪಾತ ಇಳಿದು ಹಗ್ಗ ಎಳೆದುಕೊಂಡರೆ ಮತ್ತೆ ಮೇಲೆ ಹೋಗುವ ಮಾತಿಲ್ಲ, ಮುಂದಕ್ಕೇ ಸಾಗಬೇಕು. ಇಲ್ಲಿಯೂ ಹಾಗೇ. ಆ ಸಂದು ಜಾರಿ ಇಳಿದ ಮೇಲೆ ಹಿಂದಿರುಗುವ ದಾರಿ ತಲೆಯ ಮೇಲೆ ಕೈಗೆಟುಕದ ಎತ್ತರದಲ್ಲಿತ್ತು. ಎದೆ ಡವಗುಟ್ಟಿತು, ನಿಜ. ಆದರೆ ಪಾದ ನೆಲ ಮುಟ್ಟಿದ ಆ ಕ್ಷಣದಲ್ಲಿ ಮೈಯೆಲ್ಲ ಎಚ್ಚರವಾದ ಹಾಗೆ, ಬೆರಳ ತುದಿಗಳಿಗೂ ಬುದ್ಧಿ ಬಂದ ಹಾಗೆ ಆಯಿತು!

ಅಲ್ಲಿ ಸ್ವಲ್ಪ ಅಗಲವಾದ ಜಾಗ. ಮೇಲೆಲ್ಲೋ ಬಾವಲಿಗಳ ಕಿಚಕಿಚ. ಟಾರ್ಚನ್ನು ಗೋಡೆಗೆ ಹಿಡಿದಾಗ ನಾನು ನಿಂತಲ್ಲೇ ನಿಂತೆ. ಬಂಡೆಯ ತುಂಬ ನಸುಗೆಂಪು ಹರಳುಗಳು! ಒಂದೊಂದೂ ಹೆಬ್ಬೆರಳ ಉಗುರಿನಷ್ಟು, ಕೆಲವು ಅದಕ್ಕೂ ದೊಡ್ಡವು. ಫೆಲ್ಡ್‌ಸ್ಪಾರ್ ಅವು. ನಡುನಡುವೆ ಗಾಜಿನ ಹೊಳಪಿನ ಬೆಣಚು, ಚುಕ್ಕೆ ಚುಕ್ಕೆ ಕಪ್ಪು ಕಾಗೆಬಂಗಾರ. ಹತ್ತಿರ ಹೋಗಿ ನೋಡಿದರೆ ಆ ಕೆಂಪು ಹರಳುಗಳೆಲ್ಲ ಮಳೆನೀರಿಗೆ ಸಿಕ್ಕಿ ಕಾಲುವೆಯಲ್ಲಿ ಸಾಲುಗಟ್ಟಿದ ಹುಣಸೆಬೀಜಗಳ ಹಾಗೆ ಒಂದೇ ದಿಕ್ಕಿಗೆ ಮಲಗಿವೆ. ಅಂಗೈಯನ್ನು ಅವುಗಳ ಮೇಲೆ ಇಟ್ಟೆ. ಇದು ಹರಿದಿತ್ತು! ಈ ಕಲ್ಲು ಒಮ್ಮೆ ಹರಿದಿತ್ತು! ಕುದಿಯುವ ಶಿಲಾಪಾಕ ನಿಧಾನವಾಗಿ ಸಾಗುವಾಗ ಅದರಲ್ಲಿ ಮೊದಲೇ ಕಟ್ಟಿದ ಹರಳುಗಳು ಹರಿವಿನ ದಿಕ್ಕಿಗೆ ತಿರುಗಿಕೊಳ್ಳುತ್ತವೆ. ಆಮೇಲೆ ಎಲ್ಲವೂ ಗಟ್ಟಿಯಾದಾಗ ಆ ಚಲನೆ ಹಾಗೇ ಕಲ್ಲಿನಲ್ಲಿ ಉಳಿದುಬಿಡುತ್ತದೆ. ನಾನು ಮುಟ್ಟುತ್ತಿದ್ದದ್ದು ಅಂಥ ಒಂದು ಹರಿವನ್ನು.

ಯಾವಾಗಿನದು ಅದು? ಸುಮಾರು 250 ಕೋಟಿ ವರ್ಷಗಳ ಹಿಂದಿನದು! ಭೂಮಿಯ ವಯಸ್ಸಿನ ಅರ್ಧಕ್ಕೂ ಹೆಚ್ಚು. ಆಗ ಗಿಡವಿಲ್ಲ, ಹುಲ್ಲಿಲ್ಲ, ಮೀನಿಲ್ಲ. ಗಾಳಿಯಲ್ಲಿ ನಾವು ಉಸಿರಾಡುವಷ್ಟು ಆಮ್ಲಜನಕವೂ ಇಲ್ಲ. ರಿಯೂನಿಯನ್ ದ್ವೀಪ ಸಮುದ್ರದಿಂದ ತಲೆಯೆತ್ತಿ ಮೂವತ್ತು ಲಕ್ಷ ವರ್ಷ ಆಗಿರಬಹುದು. ನಮ್ಮ ಬೆಟ್ಟ ಅದಕ್ಕಿಂತ ಎಂಟುನೂರು ಪಟ್ಟು ಹಳೆಯದು.

ಭೂವಿಜ್ಞಾನಿಗಳು ಇದನ್ನು ಕ್ಲೋಸ್‌ಪೇಟ್ ಗ್ರಾನೈಟ್ ಎನ್ನುತ್ತಾರೆ. ಕ್ಲೋಸ್‌ಪೇಟೆ ಎಂದರೆ ಇವತ್ತಿನ ರಾಮನಗರ. ದಕ್ಷಿಣದಲ್ಲಿ ಕನಕಪುರದ ಕಡೆಯಿಂದ ಹೊರಟು ರಾಮನಗರ, ಸಾವನದುರ್ಗ, ಶಿವಗಂಗೆ, ದೇವರಾಯನದುರ್ಗ, ಮಧುಗಿರಿ, ಪಾವಗಡ ಎಂದು ಉತ್ತರಕ್ಕೆ ಸಾಗುವ ಸುಮಾರು 400 ಕಿ.ಮೀ. ಉದ್ದದ ಬಂಡೆಬೆಟ್ಟಗಳ ಸಾಲು ಇದು. ಮಧುಗಿರಿಯ ಏಕಶಿಲೆಯನ್ನು ಹತ್ತಿ ಉಸ್ಸೆಂದವರೂ, ದೇವರಾಯನದುರ್ಗದ ಯೋಗಾನರಸಿಂಹನಿಗೆ ಹಣ್ಣುಕಾಯಿ ಮಾಡಿಸಿದವರೂ ಇದೇ ಕಲ್ಲಿನ ಮೇಲೆ ನಡೆದವರು. ಈ ಸಾಲಿನ ದೊಡ್ಡ ಸೋಜಿಗ ಬೇರೆಯೇ ಇದೆ. ಕಾಲಾಂತರದಲ್ಲಿ ಈ ನೆಲ ಓರೆಯಾಗಿ ಎದ್ದು ಸವೆದಿದೆ. ದಕ್ಷಿಣದ ತುದಿಯಲ್ಲಿ ಕಾಣುವ ಕಲ್ಲು ಇಪ್ಪತ್ತು ಕಿ.ಮೀ.ಗೂ ಹೆಚ್ಚು ಆಳದಲ್ಲಿ ಇದ್ದದ್ದು. ಉತ್ತರಕ್ಕೆ ಹೋದಂತೆ ಆಳ ಕಡಿಮೆ. ಅಂದರೆ ಕನಕಪುರದಿಂದ ಪಾವಗಡದ ಕಡೆಗೆ ರಸ್ತೆಯಲ್ಲಿ ಹೋಗುವವರು ಭೂಮಿಯ ಚಿಪ್ಪಿನ ಆಳದಿಂದ ಮೇಲಕ್ಕೆ ಹತ್ತುತ್ತಾ ಬರುತ್ತಾರೆ! ಬಟವಾಡಿಯ ನಾವು ಆ ಏಣಿಯ ನಡುವಿನ ಮೆಟ್ಟಿಲಿನ ಪಕ್ಕದಲ್ಲಿ ಮನೆ ಕಟ್ಟಿಕೊಂಡಿದ್ದೇವೆ!

ಗೋಲಗುಮ್ಮಟದ ಕಲ್ಲಿನಲ್ಲಿ ಇಂಥ ಹರಳು ಬರಿಗಣ್ಣಿಗೆ ಏಕೆ ಕಾಣುವುದಿಲ್ಲವೆಂದು ಈಗ ತಿಳಿಯುತ್ತದೆ. ಲಾವಾ ಗಾಳಿಗೆ ಬಂದೊಡನೆ ಬೇಗ ಆರಿಬಿಡುತ್ತದೆ, ಹರಳು ಬೆಳೆಯಲು ಬಿಡುವಿಲ್ಲ. ಭೂಮಿಯ ಆಳದಲ್ಲಿ ಹಾಗಲ್ಲ. ಮೇಲೆ ಕಿಲೋಮೀಟರುಗಟ್ಟಲೆ ಕಲ್ಲಿನ ಹೊದಿಕೆ, ಕಾವು ತಪ್ಪಿಸಿಕೊಂಡು ಹೋಗಲು ದಾರಿಯಿಲ್ಲ, ಯುಗಯುಗಗಳ ಕಾಲ ನಿಧಾನವಾಗಿ ಆರುವಾಗ ಹರಳುಗಳು ಬೆಳೆಯುತ್ತಾ ಹೋಗುತ್ತವೆ. ಕಲ್ಲನ್ನು ನೋಡಿಯೇ ಅದರ ಜಾತಕ ಹೇಳಬಹುದು!

ಹಾಗಾದರೆ ಆಳದಲ್ಲಿದ್ದ ಗಟ್ಟಿ ಕಲ್ಲಿನಲ್ಲಿ ಗವಿ ಹೇಗಾಯಿತು? ಅದೂ ನೀರಿನದೇ ಕೆಲಸ. ಮೇಲಿನ ಭಾರ ಸವೆದು ಹೋದಂತೆ ಒತ್ತಡ ಸಡಿಲಿ ಬಂಡೆ ಪದರ ಪದರವಾಗಿ ಬಿರುಕು ಬಿಡುತ್ತದೆ. ಆ ಬಿರುಕುಗಳಿಗೆ ಮಳೆನೀರು ಇಳಿಯುತ್ತದೆ. ಫೆಲ್ಡ್‌ಸ್ಪಾರ್ ಮೆತ್ತಗಾಗಿ ಜೇಡಿಯಾಗುತ್ತದೆ, ಮೂಲೆಗಳು ಮೊದಲು ಕರಗಿ ಚೌಕ ಬಂಡೆ ಗುಂಡಾಗುತ್ತದೆ, ಮೆತ್ತಗಾದ ಮಣ್ಣನ್ನು ಮಳೆ ತೊಳೆದೊಯ್ಯುತ್ತದೆ. ಕೊನೆಗೆ ಉಳಿಯುವುದು ಒಂದರ ಮೇಲೊಂದು ಕೂತ ಗುಂಡುಗಳು ಮತ್ತು ಅವುಗಳ ನಡುವಿನ ಖಾಲಿ ಜಾಗ. ಆ ಖಾಲಿ ಜಾಗವೇ ನಾನು ತೆವಳಿದ ದಾರಿ! ಬಿರುಕುಗಳಲ್ಲೂ ಮಣ್ಣಿನ ಪುಟ್ಟ ಗೂಡುಗಳಲ್ಲೂ ತಂಗಿದ ಮಳೆನೀರು ಬಿಸಿಲು ಸೋಕದ ಕತ್ತಲಲ್ಲಿ ಆರದೆ, ನಿಧಾನವಾಗಿ ಒಸರುತ್ತಿರುತ್ತದೆ. ಅಷ್ಟು ಎತ್ತರದ ಗವಿಯಲ್ಲಿ ಬೊಗಸೆಗೆ ನೀರು ಸಿಗುವುದು ಹೀಗೆ. ಇದೇ ಸಾಲಿನ ಶಿವಗಂಗೆಯಲ್ಲಿ ಜನ ಬಂಡೆಯ ಗುಂಡಿಯೊಳಗೆ ಕೈಯಿಳಿಸಿ ಒಳಕಲ್ಲು ತೀರ್ಥ ಮುಟ್ಟುವುದನ್ನೂ, ದೇವರಾಯನದುರ್ಗದ ಬುಡದಲ್ಲಿ ನಾಮದ ಚಿಲುಮೆಯ ನೀರು ಕಲ್ಲಿನಿಂದ ಉಕ್ಕುವುದನ್ನೂ ನೆನೆಯಿರಿ. ಆ ದುರ್ಗದ ಸೀಮೆಯಲ್ಲೇ ಹುಟ್ಟುವ ಜಯಮಂಗಲಿ ಉತ್ತರಕ್ಕೆ ಹೋಗಿ ಪೆನ್ನಾರ್ ಸೇರುತ್ತಾಳೆ. ಶಿಂಷಾ ಗುಬ್ಬಿಯ ಕಡಬದ ಕೆರೆಗೆ, ಕುಣಿಗಲ್ಲಿನ ಮಾರ್ಕೋನಹಳ್ಳಿ ಜಲಾಶಯಕ್ಕೆ ನೀರು ತುಂಬಿ ಕಾವೇರಿಯತ್ತ ಇಳಿಯುತ್ತಾಳೆ. ಗವಿಯ ಆ ತಣ್ಣನೆಯ ಬೊಗಸೆಗೂ ನಮ್ಮ ಗದ್ದೆ ತೋಟಗಳಿಗೂ ನಂಟಿದೆ.

ಹೊರಗಿನ ಬೆಳಕು ಕೊನೆಯ ಸಂದಿನಿಂದ ಗೀಟಿನ ಹಾಗೆ ಕಂಡಾಗ ಹುಡುಗ ತಿರುಗಿ ಕೈಚಾಚಿದ. ಆ ಕೈ ಹಿಡಿದು ಮೇಲೆದ್ದರೆ ಬೆಟ್ಟದ ನೆತ್ತಿ! ಸುತ್ತ ಕೊರಟಗೆರೆ ಸೀಮೆಯ ತೆಂಗು, ಅಡಿಕೆ, ರಾಗಿ ಹೊಲ, ದೂರದಲ್ಲಿ ಒಂದರ ಹಿಂದೊಂದು ಬಂಡೆಬೆಟ್ಟ.

ಕಲ್ಲಿನಲ್ಲಿ ಉಳಿದ ಬೆಂಕಿಯ ಕಥೆ ಇಷ್ಟಕ್ಕೇ ಮುಗಿಯುವುದಿಲ್ಲ, ಕರ್ನಾಟಕಕ್ಕೆ ತನ್ನದೇ ಅಗ್ನಿದ್ವೀಪವೂ ಇದೆ. ಮಲ್ಪೆಯಿಂದ ದೋಣಿಯಲ್ಲಿ ಹೋದರೆ ಸೇಂಟ್ ಮೇರೀಸ್. ಮಡಗಾಸ್ಕರ್ ನಮ್ಮಿಂದ ಬೇರೆಯಾಗುವ ಕಾಲದಲ್ಲಿ, ಸುಮಾರು 8.8 ಕೋಟಿ ವರ್ಷದ ಹಿಂದೆ, ಉಕ್ಕಿದ ಲಾವಾ ಅಲ್ಲಿ ಹಲವು ಮೂಲೆಯ ಕಂಬಗಳಾಗಿ ನಿಂತಿದೆ. ಪಕ್ಕದ ಚಿತ್ರದುರ್ಗ ಜಿಲ್ಲೆಯ ಮರಡಿಹಳ್ಳಿಯಲ್ಲಿ ಪುರಾತನ ಸಮುದ್ರದ ತಳದಲ್ಲಿ ಉಕ್ಕಿ ಆರಿದ ದಿಂಬಿನ ಆಕಾರದ ಲಾವಾ ಇದೆ. ಇವೆರಡೂ ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕಗಳು. ಇಂಥ ನಾಡಿನಲ್ಲಿ ಹುಟ್ಟಿ ಬೆಟ್ಟಗಳನ್ನು ಬರೀ ದೂರದಿಂದ ನೋಡಿ ಸಾಗುವುದೇ?

ಹೋಗಿ, ದಯವಿಟ್ಟು ಹೋಗಿ! ಮಳೆ ಬಿದ್ದ ದಿನ ಮಾತ್ರ ಬೇಡ, ಪಾಚಿ ಹಿಡಿದ ಬಂಡೆ ಯಾರ ಮಾತನ್ನೂ ಕೇಳುವುದಿಲ್ಲ. ಹರಿದರೂ ಚಿಂತೆಯಿಲ್ಲದ ಬಟ್ಟೆ, ಹಿಡಿತವಿರುವ ಬೂಟು, ತಲೆಗೆ ಕಟ್ಟುವ ಟಾರ್ಚು ಇರಲಿ. ಮಂಡಿನೋವು, ಉಸಿರಾಟದ ತೊಂದರೆ ಇರುವವರು ಗುಡಿಯವರೆಗೆ ಹೋಗಿ ಬಂದರೂ ಧನ್ಯರೇ. ಗೈಡ್ ಕೇಳಿದ್ದನ್ನು ಕೊಡಿ, ಆ ಹುಡುಗರ ಕಾಲಿಗೆ ಗೊತ್ತಿರುವ ನಕ್ಷೆ ಯಾವ ಕಾಗದದಲ್ಲೂ ಇಲ್ಲ. ಬಾವಲಿಗಳ ಮುಖಕ್ಕೆ ಬೆಳಕು ಹಿಡಿಯಬೇಡಿ, ಒಯ್ದ ಪ್ಲಾಸ್ಟಿಕ್ಕನ್ನು ವಾಪಸ್ ತನ್ನಿ.

ಮಕ್ಕಳನ್ನೂ ಕರೆದುಕೊಂಡು ಹೋಗಿ, ಆ ಹರಳುಗಳ ಮೇಲೆ ಅವರ ಅಂಗೈ ಇಡಿಸಿ. ಈ ಸಾಲಿನಲ್ಲಿ ಎಷ್ಟೋ ಗುಡ್ಡಗಳು ಜಲ್ಲಿಯಾಗಿ, ಅಡುಗೆಮನೆಯ ಕಟ್ಟೆಯ ಹಾಸುಗಲ್ಲಾಗಿ ಹೋಗಿವೆ. ಒಮ್ಮೆ ಸಿಡಿಮದ್ದಿಟ್ಟರೆ 250 ಕೋಟಿ ವರ್ಷ ಒಂದು ಮಧ್ಯಾಹ್ನಕ್ಕೆ ಮುಗಿಯುತ್ತದೆ. ಈ ಕಲ್ಲು ಒಮ್ಮೆ ಹರಿದಿತ್ತೆಂದು ಕೈಯಾರೆ ತಿಳಿದ ಮಗು ಮುಂದೆ ಯಾವ ಬೆಟ್ಟವನ್ನೂ ಬರೀ ಕಲ್ಲಿನ ರಾಶಿಯೆಂದು ಮಾರಲು ಬಿಡುವುದಿಲ್ಲ. ನಮ್ಮ ಬೆಟ್ಟಗಳಿಗೆ ಬೇಕಾಗಿರುವ ಕಾವಲು ಅದೇ, ಅದನ್ನು ನಾವೇ ಬೆಳೆಸಬೇಕು!